ಎತ್ತರಿಸಿದ ಸಣ್ಣ ಜೀಪಿಗೆ ದೊಡ್ಡ ಟೈರು: ಕುಳಗಿಯ ದಾರಿಗೆ ಯಾವ ಅಳತೆ ಸೂಕ್ತ?

ಕುಳಗಿ: ದಾಂಡೇಲಿಯಿಂದ ಅಂಬಿಕಾನಗರದತ್ತ ಹೊರಟರೆ ಸುಮಾರು 12 ಕಿ.ಮೀ. ದೂರದಲ್ಲಿ ಸಿಗುವ ಪುಟ್ಟ ಊರು ಕುಳಗಿ. ಅರಣ್ಯ ಇಲಾಖೆಯ ಪ್ರಕೃತಿ ಶಿಬಿರದಿಂದಾಗಿ ಹೆಸರಾಗಿರುವ ಈ ಊರಿನತ್ತ ಬರುವ ವಾಹನಗಳಲ್ಲಿ ಸ್ಪ್ರಿಂಗ್ ಬದಲಿಸಿ ಎತ್ತರಿಸಿದ ಜಿಪ್ಸಿ, ಜಿಮ್ನಿಗಳೂ ಇರುತ್ತವೆ. ವಾಹನವನ್ನು ಎರಡು ಇಂಚು ಎತ್ತರಿಸಿದವರಲ್ಲಿ ಮುಂದೆ ಏಳುವ ಪ್ರಶ್ನೆ ಒಂದೇ: ಇನ್ನು ಎಷ್ಟು ದೊಡ್ಡ ಟೈರು ಹಾಕಿಸಬಹುದು?

ಪ್ರಶ್ನೆಯನ್ನು ಸ್ವಲ್ಪ ತಿದ್ದಿ ಕೇಳಿಕೊಳ್ಳುವುದು ಒಳಿತು. ಗಾಲಿಯ ಗೂಡಿನಲ್ಲಿ ಹಿಡಿಸುವ ಟೈರು ಬೇರೆ, ವಾಹನಕ್ಕೆ ಒಪ್ಪುವ ಟೈರು ಬೇರೆ. ಘಟ್ಟದ ತಿರುವು, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಮತ್ತು ರಸ್ತೆಗೆ ಅಡ್ಡ ಬರುವ ವನ್ಯಜೀವಿಗಳ ಈ ಸೀಮೆಯಲ್ಲಿ ಎತ್ತರಕ್ಕಿಂತ ಹಿಡಿತವೂ ಬ್ರೇಕೂ ಮುಖ್ಯ. ಆದ್ದರಿಂದ ಬಹುಪಾಲು ಸಣ್ಣ ಜೀಪುಗಳಿಗೆ ಮೂಲ ಅಳತೆಗಿಂತ ಒಂದೇ ಮೆಟ್ಟಿಲು ಮೇಲಿನ ಟೈರು ಸಾಕು ಎಂಬುದನ್ನು ಮುಂದಿನ ಲೆಕ್ಕಗಳು ತೋರಿಸುತ್ತವೆ.

ಎತ್ತರಿಸಿದಾಗ ಏರುವುದು ಯಾವುದು?

ಜಿಪ್ಸಿ ಮತ್ತು ಜಿಮ್ನಿ ಎರಡರಲ್ಲೂ ಮುಂದಿನ, ಹಿಂದಿನ ಆಕ್ಸಲ್‌ಗಳು ಎಡಗಾಲಿಯಿಂದ ಬಲಗಾಲಿಯವರೆಗೆ ಒಂದೇ ಗಟ್ಟಿ ದಂಡದಂತೆ ಇವೆ. ಜಿಪ್ಸಿಯಲ್ಲಿ ಅವು ಪಟ್ಟಿ ಸ್ಪ್ರಿಂಗ್‌ಗಳ ಮೇಲೆ, ಜಿಮ್ನಿಯಲ್ಲಿ ಸುರುಳಿ ಸ್ಪ್ರಿಂಗ್‌ಗಳ ಮೇಲೆ ಕೂತಿವೆ. ನೆಲಕ್ಕೆ ಅತಿ ಸಮೀಪ ಇರುವುದು ಆಕ್ಸಲ್‌ನ ನಡುವಿನ ಡಿಫರೆನ್ಷಿಯಲ್ ಗುಂಡು. ದಾರಿಯ ನಡುವಿನ ಕಲ್ಲಿಗೆ ಮೊದಲು ತಾಗುವುದೂ ಅದೇ.

ಸ್ಪ್ರಿಂಗ್ ಎತ್ತರಿಸಿದರೆ ಮೇಲೇರುವುದು ಚಾಸಿ ಮತ್ತು ಬಾಡಿ ಮಾತ್ರ. ಡಿಫರೆನ್ಷಿಯಲ್ ಗುಂಡು ಇದ್ದಲ್ಲಿಯೇ ಇರುತ್ತದೆ. ಅದನ್ನು ನೆಲದಿಂದ ಮೇಲೆತ್ತುವುದು ಟೈರೊಂದೇ. ಅದೂ ಟೈರಿನ ವ್ಯಾಸ ಹೆಚ್ಚಿದ ಪ್ರಮಾಣದ ಅರ್ಧದಷ್ಟು ಮಾತ್ರ. ವ್ಯಾಸ 40 ಮಿ.ಮೀ. ಹೆಚ್ಚಿದರೆ ಆಕ್ಸಲ್ ಏರುವುದು 20 ಮಿ.ಮೀ. ದಿಬ್ಬ ಹತ್ತುವಾಗ ಬಂಪರ್ ತಾಗದಂತೆ, ದಿಣ್ಣೆ ದಾಟುವಾಗ ಹೊಟ್ಟೆ ತಾಗದಂತೆ ಎತ್ತರಿಸಿದ ಸ್ಪ್ರಿಂಗ್ ನೆರವಾಗುತ್ತದೆ. ಗಾಡಿಯ ಚಕ್ಕಡಿ ಜಾಡಿನಲ್ಲಿ ನಡುವೆ ಉಳಿದ ಕಲ್ಲಿಗೆ ಅದರಿಂದ ಪ್ರಯೋಜನವಿಲ್ಲ.

ಟೈರಿನ ಮೇಲಿನ ಅಂಕಿಗಳು

ಭಾರತದಲ್ಲಿ 2023ರ ಜೂನ್‌ನಲ್ಲಿ ಮಾರುಕಟ್ಟೆಗೆ ಬಂದ ಐದು ಬಾಗಿಲಿನ ಜಿಮ್ನಿಯ ಮೂಲ ಟೈರು 195/80 ಆರ್ 15. ಇದರಲ್ಲಿ 195 ಎಂಬುದು ಮಿಲಿಮೀಟರಿನಲ್ಲಿ ಅಗಲ. 80 ಎಂಬುದು ಅಗಲದ ಶೇಕಡಾ ಎಷ್ಟು ಭಾಗ ಟೈರಿನ ಪಕ್ಕದ ಗೋಡೆಯ ಎತ್ತರ ಎಂಬುದನ್ನು ಹೇಳುತ್ತದೆ. 15 ಎಂಬುದು ಇಂಚಿನಲ್ಲಿ ರಿಮ್‌ನ ವ್ಯಾಸ. ಪಕ್ಕದ ಗೋಡೆಯನ್ನು ಎರಡರಿಂದ ಗುಣಿಸಿ, ರಿಮ್‌ನ 381 ಮಿ.ಮೀ. ಕೂಡಿಸಿದರೆ ಒಟ್ಟು ವ್ಯಾಸ ಸಿಗುತ್ತದೆ.

ಅಳತೆಯ ಮುಂದೆ 96 ಎಸ್ ಎಂದಿದ್ದರೆ, 96 ಎಂಬುದು ಆ ಟೈರು ಹೊರಬಲ್ಲ 710 ಕಿಲೋ ಭಾರದ ಸಂಕೇತ. ಎಸ್ ಎಂಬುದು ಗಂಟೆಗೆ 180 ಕಿ.ಮೀ. ವೇಗದ ಮಿತಿ. ಹೊಸ ಟೈರಿನ ಈ ಎರಡು ಸಂಕೇತಗಳು ಮೂಲಕ್ಕಿಂತ ಕಡಿಮೆ ಇರಬಾರದು ಎಂಬುದು ಪಾಲಿಸಬೇಕಾದ ನಿಯಮ. ಮಣ್ಣಿನ ದಾರಿಗೆಂದೇ ತಯಾರಾದ ಅನೇಕ ಟೈರುಗಳಿಗೆ ಕ್ಯೂ, ಅಂದರೆ 160 ಕಿ.ಮೀ. ಮಿತಿ ಇರುವುದನ್ನು ಕೊಳ್ಳುವವರು ಗಮನಿಸಬೇಕು.

ಜಿಮ್ನಿಯ ಲೆಕ್ಕ

ಮೂಲ ಟೈರಿನೊಂದಿಗೆ ಹೋಲಿಸಿದರೆ 15 ಇಂಚಿನ ರಿಮ್‌ಗೆ ಸಿಗುವ ಅಳತೆಗಳ ಲೆಕ್ಕ ಹೀಗಿದೆ:

195/80 ಆರ್ 15 (ಮೂಲ): ವ್ಯಾಸ 693 ಮಿ.ಮೀ.

215/75 ಆರ್ 15: ವ್ಯಾಸ ಸುಮಾರು 703 ಮಿ.ಮೀ.; ಹೆಚ್ಚಳ ಶೇ 1.5, ಆಕ್ಸಲ್ ಏರುವುದು 5 ಮಿ.ಮೀ.; ಮೀಟರ್ 60 ತೋರಿಸಿದಾಗ ನಿಜವಾದ ವೇಗ ಸುಮಾರು 61.

225/75 ಆರ್ 15: ವ್ಯಾಸ ಸುಮಾರು 718 ಮಿ.ಮೀ.; ಹೆಚ್ಚಳ ಶೇ 3.7, ಆಕ್ಸಲ್ ಏರುವುದು 13 ಮಿ.ಮೀ.; 60ರ ಬದಲು ಸುಮಾರು 62.

235/75 ಆರ್ 15: ವ್ಯಾಸ ಸುಮಾರು 733 ಮಿ.ಮೀ.; ಹೆಚ್ಚಳ ಶೇ 5.8, ಆಕ್ಸಲ್ ಏರುವುದು 20 ಮಿ.ಮೀ.; 60ರ ಬದಲು 63.5.

ಈ ಲೆಕ್ಕದಲ್ಲಿ ಮೂಲ ಟೈರಿನೊಂದಿಗೆ ಮೀಟರ್ ನಿಖರವಾಗಿದೆ ಎಂದು ಭಾವಿಸಲಾಗಿದೆ. ಸಾಮಾನ್ಯವಾಗಿ ಮೀಟರ್‌ಗಳು ನಿಜಕ್ಕಿಂತ ತುಸು ಹೆಚ್ಚೇ ತೋರಿಸುತ್ತವೆ. ದೊಡ್ಡ ಟೈರು ಆ ಅಂತರವನ್ನು ನುಂಗಿಹಾಕುತ್ತದೆ.

ಒಂದೇ ಟೈರು ಎಲ್ಲ ವಾಹನಕ್ಕೂ ಒಂದೇ ಬಗೆಯ ಬದಲಾವಣೆಯಲ್ಲ. 1985ರಲ್ಲಿ ಬಂದು 2019ರ ವೇಳೆಗೆ ಸಾರ್ವಜನಿಕರಿಗೆ ಮಾರಾಟ ನಿಂತ ಜಿಪ್ಸಿಯ ನಂತರದ ಮಾದರಿಗಳ ಟೈರು 205/70 ಆರ್ 15. ಅದರ ವ್ಯಾಸ 668 ಮಿ.ಮೀ. ಅದಕ್ಕೆ 215/75 ಹಾಕಿದರೆ ಹೆಚ್ಚಳ ಶೇ 5.3. ಜಿಮ್ನಿಗೆ ಒಂದು ಮೆಟ್ಟಿಲಾದದ್ದು ಜಿಪ್ಸಿಗೆ ಎರಡು ಮೆಟ್ಟಿಲಾಗುತ್ತದೆ.

215/75 ಆರ್ 15 ಬೊಲೆರೊ ವಾಹನದ ಅಳತೆಯೂ ಹೌದು. ಹಳ್ಳಿಹಳ್ಳಿಯಲ್ಲೂ ಬೊಲೆರೊ ಓಡಾಡುವ ಈ ಭಾಗದಲ್ಲಿ ದಾಂಡೇಲಿ, ಹಳಿಯಾಳದ ಟೈರು ಅಂಗಡಿಗಳಲ್ಲಿ ಹುಡುಕಲು ಇದಕ್ಕಿಂತ ಸುಲಭದ ಅಳತೆ ಇರಲಾರದು. ಜೋಯಿಡಾದ ಒಳಗಿನ ದಾರಿಯಲ್ಲಿ ಪಕ್ಕದ ಗೋಡೆ ಹರಿದವರಿಗೆ ಈ ಅನುಕೂಲದ ಬೆಲೆ ತಿಳಿಯುತ್ತದೆ.

ರಿಮ್ ಒಪ್ಪಬೇಕು

ಜಿಮ್ನಿಯ ಮೂಲ ರಿಮ್‌ನ ಅಗಲ ಐದೂವರೆ ಇಂಚು. ಟೈರು ಮಾನದಂಡದಂತೆ 215/75ಕ್ಕೆ ಐದೂವರೆಯಿಂದ ಏಳು ಇಂಚಿನ ರಿಮ್ ಆಗಬಹುದು. 225/75ಕ್ಕೆ ಮತ್ತು 235/75ಕ್ಕೆ ಕನಿಷ್ಠ ಆರು ಇಂಚು ಬೇಕು. ಕಿರಿದಾದ ರಿಮ್‌ನಲ್ಲಿ ಅಗಲದ ಟೈರು ನಡುವೆ ಉಬ್ಬಿ ನಡುಭಾಗವೇ ಬೇಗ ಸವೆಯುತ್ತದೆ. ತಿರುವಿನಲ್ಲಿ ಗೋಡೆ ಅತ್ತಿತ್ತ ವಾಲುತ್ತದೆ. ಹೀಗಾಗಿ ದೊಡ್ಡ ಟೈರಿನ ಖರ್ಚಿಗೆ ಹೊಸ ರಿಮ್‌ಗಳ ಖರ್ಚೂ ಸೇರುತ್ತದೆ. ರಿಮ್ ಹೊರಕ್ಕೆ ಚಾಚಿದಷ್ಟೂ ಬೇರಿಂಗ್‌ನ ಮೇಲೆ ಹೊರೆ ಹೆಚ್ಚುತ್ತದೆ, ಕೆಸರು ಬಾಗಿಲಿಗೆ ಎರಚುತ್ತದೆ.

ಎಲ್ಲಿ ಉಜ್ಜುತ್ತದೆ?

ಎರಡು ಇಂಚು ಎತ್ತರಿಸಿದ್ದೇನೆ, ಇನ್ನು ಟೈರು ಎಲ್ಲಿಯೂ ತಾಗದು ಎಂಬ ನಂಬಿಕೆ ಸರಿಯಲ್ಲ. ದೊಡ್ಡ ಗುಂಡಿಗೆ ಬಿದ್ದಾಗ ಸ್ಪ್ರಿಂಗ್ ಪೂರ್ತಿ ಕುಗ್ಗುತ್ತದೆ. ಆಗ ಗಾಲಿ ಮೊದಲು ಎಲ್ಲಿಯವರೆಗೆ ಏರುತ್ತಿತ್ತೋ ಅಲ್ಲಿಯವರೆಗೇ ಏರುತ್ತದೆ. ಅದನ್ನು ತಡೆಯುವುದು ಆಕ್ಸಲ್‌ನ ಮೇಲಿರುವ ರಬ್ಬರ್ ಬಂಪ್ ಸ್ಟಾಪ್. ಟೈರು ದೊಡ್ಡದಾದಾಗ ಅದರ ಉದ್ದವನ್ನೂ ಹೆಚ್ಚಿಸದಿದ್ದರೆ ಗಾಲಿ ಗೂಡಿನ ಒಳಪದರ ಹರಿಯುವುದು ನಿಶ್ಚಿತ.

ಪರೀಕ್ಷಿಸುವ ವಿಧಾನ ಸರಳ. ಒಂದು ಮುಂಗಾಲಿಯನ್ನು ದಿಮ್ಮಿಯ ಮೇಲೆ ಹತ್ತಿಸಿ, ಸ್ಟೇರಿಂಗ್ ಅನ್ನು ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ ನೋಡಬೇಕು. ಬಂಪರ್‌ನ ಅಂಚು, ಗೂಡಿನ ಹಿಂಭಾಗ, ಒಳಬದಿಯಲ್ಲಿ ಆಕ್ಸಲ್ ಹಿಡಿದಿರುವ ತೋಳುಗಳು, ಬ್ರೇಕ್ ಹೋಸ್ ಎಂಬ ನಾಲ್ಕು ಕಡೆ ಬೆರಳು ತೂರುವಷ್ಟಾದರೂ ಜಾಗ ಇರಬೇಕು. ಗಾಲಿ ಪೂರ್ತಿ ಕೆಳಗಿಳಿದಾಗ ಬ್ರೇಕ್ ಹೋಸ್ ಬಿಗಿದುಕೊಳ್ಳುತ್ತಿದ್ದರೆ ಉದ್ದದ ಹೋಸ್ ಹಾಕಿಸದೆ ವಾಹನ ಹೊರಡಿಸಬಾರದು.

ಎತ್ತರಿಸಿದಾಗ ಮುಂದಿನ ಆಕ್ಸಲ್ ತುಸು ಹೊರಳುವುದರಿಂದ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣ ಕುಂದುತ್ತದೆ. ಜಿಮ್ನಿಯಲ್ಲಿ ಆಕ್ಸಲ್ ಒಂದು ಬದಿಗೆ ಸರಿಯುವುದೂ ಉಂಟು. ಇವೆರಡನ್ನೂ ಸರಿಪಡಿಸದೆ ಭಾರದ ಟೈರು ಹಾಕಿದರೆ ವೇಗದಲ್ಲಿ ಸ್ಟೇರಿಂಗ್ ನಡುಗಲಾರಂಭಿಸುತ್ತದೆ.

ಇಂಜಿನ್, ಬ್ರೇಕ್, ತೂಕ

ಟೈರು ಶೇ 5.8ರಷ್ಟು ದೊಡ್ಡದಾದರೆ ನೆಲಕ್ಕೆ ತಲುಪುವ ಎಳೆತ ಸುಮಾರು ಶೇ 5.5 ಕಡಿಮೆಯಾಗುತ್ತದೆ. ಸುಮಾರು 1,200 ಕಿಲೋ ತೂಕದ ಜಿಮ್ನಿಯ ಒಂದೂವರೆ ಲೀಟರ್ ಪೆಟ್ರೋಲ್ ಇಂಜಿನ್ನಿಗೆ ನಾಲ್ವರು ಕೂತು ಅಣಶಿ ಘಟ್ಟ ಏರುವಾಗ ಈ ಕೊರತೆ ಅರಿವಿಗೆ ಬರುತ್ತದೆ. ಮೂರನೇ ಗೇರಿನಲ್ಲಿ ಏರುತ್ತಿದ್ದ ಕಡೆ ಎರಡಕ್ಕೆ ಇಳಿಸಬೇಕಾದೀತು. ಘಟ್ಟ ಇಳಿಯುವಾಗ ಇಂಜಿನ್ ಹಿಡಿಯುವ ಶಕ್ತಿಯೂ ಅಷ್ಟೇ ಕುಂದಿರುತ್ತದೆ. ಬ್ರೇಕಿನ ಅಳತೆ ಬದಲಾಗಿರುವುದಿಲ್ಲ, ಆದರೆ ಅದು ನಿಲ್ಲಿಸಬೇಕಾದ ಗಾಲಿ ದೊಡ್ಡದೂ ಭಾರವೂ ಆಗಿರುತ್ತದೆ.

ಕೇವಲ 1,645 ಮಿ.ಮೀ. ಅಗಲ, 1,720 ಮಿ.ಮೀ. ಎತ್ತರದ ವಾಹನ ಜಿಮ್ನಿ. 50 ಮಿ.ಮೀ. ಸ್ಪ್ರಿಂಗ್, 20 ಮಿ.ಮೀ. ಟೈರು ಸೇರಿದರೆ ಅದರ ಎತ್ತರ ಅಗಲಕ್ಕಿಂತ 145 ಮಿ.ಮೀ. ಹೆಚ್ಚಾಗುತ್ತದೆ. ತಿರುವಿನಲ್ಲಿ ಪಲ್ಟಿಯಾಗುವ ಅಪಾಯ ಹೆಚ್ಚುವುದು ಇಲ್ಲಿಯೇ. ಜಾರುವಿಕೆ ತಡೆಯುವ ವಿದ್ಯುನ್ಮಾನ ವ್ಯವಸ್ಥೆಯನ್ನು ಕಂಪೆನಿ ಹೊಂದಿಸಿರುವುದು ಮೂಲ ಎತ್ತರ, ಮೂಲ ಟೈರಿಗೆ ಎಂಬುದನ್ನೂ ಮರೆಯುವಂತಿಲ್ಲ.

ಕಿಲೋಮೀಟರ್ ಲೆಕ್ಕವೂ ತಪ್ಪುತ್ತದೆ. 235/75 ಹಾಕಿದ ಜಿಮ್ನಿ 10,000 ಕಿ.ಮೀ. ಓಡಿದಾಗ ಮೀಟರಿನಲ್ಲಿ ದಾಖಲಾಗುವುದು ಸುಮಾರು 9,450 ಮಾತ್ರ. ಆಯಿಲ್ ಬದಲಿಸುವ ಅವಧಿಯನ್ನು ಇದಕ್ಕೆ ಸರಿಯಾಗಿ ಎಣಿಸಬೇಕು.

ನಮ್ಮ ನೆಲಕ್ಕೆ ಯಾವ ಹಲ್ಲು?

ಟೈರಿನ ಮೇಲ್ಮೈಯ ಹಲ್ಲುಗಳಿಗೆ ತಕ್ಕಂತೆ ಮೂರು ಬಗೆಗಳಿವೆ. ಡಾಂಬರು ರಸ್ತೆಗೆ ಎಚ್‌ಟಿ, ಡಾಂಬರು ಹಾಗೂ ಮಣ್ಣು ಎರಡಕ್ಕೂ ಎಟಿ, ಕೆಸರಿಗೆ ಎಂಟಿ.

ಎಂಟಿ ಟೈರಿನ ಹಲ್ಲುಗಳ ನಡುವೆ ಅಂತರ ಹೆಚ್ಚು. ಆಳದ ಕೆಸರಿನಲ್ಲಿ ಅವು ಮಣ್ಣನ್ನು ತಾವೇ ಕೊಡವಿಕೊಳ್ಳುತ್ತವೆ. ಒದ್ದೆ ಡಾಂಬರಿನಲ್ಲಿ ನೆಲಕ್ಕೆ ತಾಗುವ ರಬ್ಬರ್ ಕಡಿಮೆಯಾದ್ದರಿಂದ ಬ್ರೇಕ್ ಹಾಕಿದ ಮೇಲೆ ವಾಹನ ನಿಲ್ಲಲು ಹೆಚ್ಚು ದೂರ ಬೇಕು; ಸದ್ದೂ ಜೋರು. ಮಳೆಯಲ್ಲಿ ಕುಳಗಿಗೆ ಬರುವವರು ಬಹುಪಾಲು ಸಾಗುವುದು ಒದ್ದೆ ಡಾಂಬರಿನ ಮೇಲೆಯೇ. ಜಿಂಕೆಯೋ ಕಾಡುಕೋಣವೋ ಹಠಾತ್ತನೆ ಎದುರಾದಾಗ ಆ ಹೆಚ್ಚುವರಿ ದೂರವೇ ಜೀವ ಸಾವುಗಳ ನಡುವಿನ ಅಂತರವಾದೀತು.

ಜೋಯಿಡಾದ ಜಂಬಿಟ್ಟಿಗೆ ನೆಲದ ಗುಣ ಬೇರೆ. ಮೇಲ್ಪದರ ಜಾರುವ ಕೆಸರಾದರೂ ಅನೇಕ ಕಡೆ ಸ್ವಲ್ಪ ಕೆಳಗೆ ಗಟ್ಟಿ ನೆಲವಿರುತ್ತದೆ. ಇಂತಹ ಕಡೆ ಕಿರಿದಾದ ಟೈರು ಕೆಸರನ್ನು ಸೀಳಿ ಗಟ್ಟಿ ನೆಲವನ್ನು ಮುಟ್ಟುತ್ತದೆ. ಅಗಲದ ಟೈರು ಮೇಲೆಯೇ ತೇಲಿ ಜಾರುತ್ತದೆ. ಬಿದಿರಿನ ಕೂಳೆಗಳು ಚುಚ್ಚುವುದು ಟೈರಿನ ಪಕ್ಕಕ್ಕೆ ಆದ್ದರಿಂದ ಅಗಲಕ್ಕಿಂತ ಗಟ್ಟಿ ಗೋಡೆಗೆ ಬೆಲೆ ಕೊಡಬೇಕು. ಹಳಿಯಾಳ, ಮುಂಡಗೋಡ ಕಡೆಯ ನಿತ್ಯದ ಓಡಾಟಕ್ಕೆ ಎಚ್‌ಟಿ ಸಾಕು. ಜೋಯಿಡಾದ ಒಳಹಳ್ಳಿಗಳಿಗೆ ಮಳೆಗಾಲದಲ್ಲೂ ಹೋಗುವವರಿಗೆ 215/75 ಅಳತೆಯ ಎಟಿ ಸೂಕ್ತ. ತೋಟದ ಕೆಸರಿನಲ್ಲಿ ದಿನವೂ ದುಡಿಯುವ ಜೀಪಿಗಷ್ಟೇ ಎಂಟಿ.

ಗಾಳಿಯ ಒತ್ತಡ ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿದೆ. ಅಳತೆ ಬದಲಾದರೆ ಟೈರು ತಯಾರಕರ ಕೋಷ್ಟಕವನ್ನು ನೋಡಿ ನಿರ್ಧರಿಸಬೇಕು. ಕೆಸರಿನಲ್ಲಿ ಸಿಕ್ಕಿದಾಗ ಒತ್ತಡವನ್ನು 18ರಿಂದ 20 ಪಿಎಸ್‌ಐಗೆ ಇಳಿಸಿದರೆ ಹಿಡಿತ ಹೆಚ್ಚುತ್ತದೆ. ದೊಡ್ಡ ಟೈರಿನಿಂದ ಸಿಗುವ ಲಾಭದ ಬಹುಪಾಲು ಖರ್ಚಿಲ್ಲದ ಈ ಕ್ರಮದಿಂದಲೇ ಸಿಗುವುದುಂಟು. ಡಾಂಬರಿಗೆ ಮರಳುವ ಮೊದಲು ಮತ್ತೆ ಗಾಳಿ ತುಂಬಲು ಪಂಪ್ ಜೊತೆಗಿರಬೇಕು.

ಕಾನೂನು ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ ಕಲಂ 52, ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನ ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ ಕಲಂ 182ಎ ಪ್ರಕಾರ, ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಎರಡನ್ನೂ ವಿಧಿಸಬಹುದು. ಅಂಗಡಿಯವರ ಭರವಸೆಯನ್ನು ನೆಚ್ಚದೆ, ಕೆಎ 65 ನೋಂದಣಿಯವರು ದಾಂಡೇಲಿಯ ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಕ್ಷೇಮ. ವಿಮಾ ಕಂಪೆನಿಗೂ ಲಿಖಿತವಾಗಿ ತಿಳಿಸಬೇಕು. ತಿಳಿಸದ ಮಾರ್ಪಾಡು ಅಪಘಾತದ ನಂತರ ಪರಿಹಾರ ನಿರಾಕರಿಸಲು ಕಾರಣವಾಗಬಹುದು.

ಟೈರು ಕಾಡಿಗೆ ಪರವಾನಗಿಯಲ್ಲ

ದಾಂಡೇಲಿ ವನ್ಯಜೀವಿಧಾಮ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದವು. 2015ರಲ್ಲಿ ಅದಕ್ಕೆ ಕಾಳಿ ಎಂಬ ಹೆಸರು ಬಂತು. ಎಷ್ಟೇ ದೊಡ್ಡ ಟೈರಿದ್ದರೂ ಸಾರ್ವಜನಿಕ ರಸ್ತೆ ಬಿಟ್ಟು ಇಲ್ಲಿನ ಕಾಡಿನ ಜಾಡಿಗೋ ಹಳ್ಳಕ್ಕೋ ಅನುಮತಿಯಿಲ್ಲದೆ ಖಾಸಗಿ ವಾಹನ ಇಳಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಸಫಾರಿಗೆ ಇಲಾಖೆ ಒಪ್ಪಿದ ವಾಹನಗಳಲ್ಲಿಯೇ ಹೋಗಬೇಕು.

ಕೊಳ್ಳುವ ಮುನ್ನ

* ಐದೂ ಟೈರು ಒಂದೇ ಅಳತೆ, ಒಂದೇ ಮಾದರಿಯವು ಇರಲಿ. ಫೋರ್ ವೀಲ್ ಡ್ರೈವ್ ವಾಹನದಲ್ಲಿ ಅಳತೆ ಬೇರೆಯಾದರೆ ಗೇರು ವ್ಯವಸ್ಥೆಗೆ ಹಾನಿ.

* ಹಿಂಬಾಗಿಲಿಗೆ ತೂಗುವ ಸ್ಟೆಪ್ನಿ ಭಾರವಾದಷ್ಟೂ ಬಾಗಿಲ ಕೀಲು ಸಡಿಲವಾಗುತ್ತದೆ, ಆಗಾಗ ಪರೀಕ್ಷಿಸಿ.

* ಪಕ್ಕದ ಗೋಡೆಯ ನಾಲ್ಕು ಅಂಕಿ ತಯಾರಿಕೆಯ ವಾರ, ವರ್ಷವನ್ನು ತಿಳಿಸುತ್ತವೆ. 2324 ಎಂದರೆ 2024ರ 23ನೇ ವಾರ. ಐಎಸ್‌ಐ ಗುರುತನ್ನೂ ನೋಡಿ.

* ಹಲ್ಲಿನ ಆಳ 1.6 ಮಿ.ಮೀ.ಗಿಂತ ಕಡಿಮೆಯಾದ ಟೈರು ಕಾನೂನಿಗೆ ವಿರುದ್ಧ. ಮಳೆಗಾಲಕ್ಕೆ ಅಷ್ಟು ಸವೆಯುವವರೆಗೆ ಕಾಯದಿರುವುದು ಲೇಸು.

* ಹಾಕಿಸಿದ ಮೇಲೆ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿ, ಮೊದಲ 100 ಕಿ.ಮೀ. ನಂತರ ಗಾಲಿಯ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ.