ಮತ ಮಾರಿಕೊಂಡವರಿಗೆ ಕಾನೂನಿನ ರಕ್ಷೆ ಇದೆಯೇ?

ಸಂಸತ್ತಿನಲ್ಲಿ ಆಡಿದ ಮಾತಿಗಾಗಲಿ, ಹಾಕಿದ ಮತಕ್ಕಾಗಲಿ ಯಾವ ಸದಸ್ಯರನ್ನೂ ನ್ಯಾಯಾಲಯಕ್ಕೆ ಎಳೆಯುವಂತಿಲ್ಲ. ಸಂವಿಧಾನದ 105(2)ನೆಯ ವಿಧಿಯ ಸಾರ ಇದು. ರಾಜ್ಯಗಳ ಶಾಸಕರಿಗೆ ಇದೇ ರಕ್ಷಣೆ 194(2)ನೆಯ ವಿಧಿಯಲ್ಲಿದೆ. ಹಾಗಾದರೆ ಆ ಮತವನ್ನು ಹಣಕ್ಕೆ ಮಾರಿಕೊಂಡರೆ? ಈ ಪ್ರಶ್ನೆಗೆ ಸುಪ್ರೀಂ ಕೋರ್ಟ್ ಎರಡು ಬಾರಿ ಉತ್ತರ ನೀಡಿದೆ. ಎರಡೂ ಒಂದಕ್ಕೊಂದು ವಿರುದ್ಧವಾದವು.

ಈ ರಕ್ಷಣೆಯ ಬೇರು ಇರುವುದು ಇಂಗ್ಲೆಂಡಿನಲ್ಲಿ. ದೊರೆ ಒಂದನೆಯ ಚಾರ್ಲ್ಸ್ 1629ರಲ್ಲಿ ತನ್ನ ವಿರೋಧಿ ಸರ್ ಜಾನ್ ಎಲಿಯಟ್ ಹಾಗೂ ಇತರ ಸದಸ್ಯರನ್ನು ಸೆರೆಗೆ ತಳ್ಳಿದ. ಎಲಿಯಟ್ 1632ರಲ್ಲಿ ಲಂಡನ್ನಿನ ಟವರ್ ಕೋಟೆಯ ಸೆರೆಯಲ್ಲೇ ಸತ್ತ. 1642ರಲ್ಲಿ ಅದೇ ದೊರೆ ಐವರು ಸದಸ್ಯರನ್ನು ಬಂಧಿಸಲು ಸೈನಿಕರೊಡನೆ ಬಂದು ಕಾಮನ್ಸ್ ಸಭೆಯೊಳಗೇ ಕಾಲಿಟ್ಟ. ಇಂಥ ಕಹಿ ಅನುಭವಗಳ ಫಲವಾಗಿ 1689ರ ಹಕ್ಕುಗಳ ಶಾಸನ ಸದನದ ವಾಕ್‌ಸ್ವಾತಂತ್ರ್ಯಕ್ಕೆ ಬೇಲಿ ಹಾಕಿತು. ಅರಸನ ಕೋಪದಿಂದ ಪ್ರಜೆಗಳ ಪ್ರತಿನಿಧಿಯನ್ನು ಕಾಪಾಡುವುದು ಅದರ ಉದ್ದೇಶವಾಗಿತ್ತು.

ಆ ಬೇಲಿಯ ಇನ್ನೊಂದು ಮುಖ ಭಾರತದಲ್ಲಿ ಕಂಡಿತು. 1993ರ ಜುಲೈ 28ರಂದು ಪಿ.ವಿ. ನರಸಿಂಹರಾವ್ ಸರ್ಕಾರದ ವಿರುದ್ಧದ ಅವಿಶ್ವಾಸ ನಿರ್ಣಯದ ಪರ 251, ವಿರುದ್ಧ 265 ಮತಗಳು ಬಿದ್ದು ಸರ್ಕಾರ ಉಳಿಯಿತು. ಜಾರ್ಖಂಡ್ ಮುಕ್ತಿ ಮೋರ್ಚಾದ ನಾಲ್ವರು ಹಾಗೂ ಇತರ ಕೆಲವರು ಲಂಚ ಪಡೆದರೆಂಬ ಆರೋಪ ಬಂದು ಸಿಬಿಐ ಮೊಕದ್ದಮೆ ಹೂಡಿತು.

1998ರ ಏಪ್ರಿಲ್ 17ರಂದು ಸುಪ್ರೀಂ ಕೋರ್ಟಿನ ಪಂಚ ಸದಸ್ಯ ಪೀಠ 3-2ರ ಬಹುಮತದಿಂದ ತೀರ್ಪು ನೀಡಿತು. ಹಣ ಪಡೆದು ಮತ ಹಾಕಿದವರಿಗೆ 105(2)ರ ರಕ್ಷಣೆ ಉಂಟು; ಹಣ ಪಡೆದೂ ಮತ ಹಾಕದವರಿಗೆ ಇಲ್ಲ; ಹಣ ಕೊಟ್ಟವರಿಗೂ ಇಲ್ಲ. ಕೊಟ್ಟ ಮಾತು ಉಳಿಸಿಕೊಂಡ ಲಂಚಕೋರ ಪಾರು, ತಪ್ಪಿದವನು ಕಟಕಟೆಗೆ ಎಂಬ ವಿಪರ್ಯಾಸ ಇದರಿಂದ ಹುಟ್ಟಿತು. ಲಂಚ ಸ್ವೀಕರಿಸಿದ ಕ್ಷಣವೇ ಅಪರಾಧ ಪೂರ್ಣಗೊಳ್ಳುತ್ತದೆ, ನಂತರದ ಮತಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ನ್ಯಾಯಮೂರ್ತಿಗಳಾದ ಎಸ್.ಸಿ. ಅಗರವಾಲ್ ಮತ್ತು ಎ.ಎಸ್. ಆನಂದ್ ಭಿನ್ನಮತ ದಾಖಲಿಸಿದರು.

ಲಂಚ ಕೊಟ್ಟ ಆರೋಪ ಹೊತ್ತವರ ವಿಚಾರಣೆ ಮುಂದುವರಿಯಿತು. 2000ದಲ್ಲಿ ವಿಶೇಷ ನ್ಯಾಯಾಲಯ ನರಸಿಂಹರಾವ್ ಮತ್ತು ಬೂಟಾ ಸಿಂಗ್ ಅವರನ್ನು ತಪ್ಪಿತಸ್ಥರೆಂದು ಘೋಷಿಸಿತು. 2002ರಲ್ಲಿ ದೆಹಲಿ ಹೈಕೋರ್ಟ್ ಇಬ್ಬರನ್ನೂ ಖುಲಾಸೆಗೊಳಿಸಿತು.

ಅಲ್ಪಮತದ ಆ ವಾದಕ್ಕೆ ಮನ್ನಣೆ ದೊರೆಯಲು ಕಾಲು ಶತಮಾನ ಬೇಕಾಯಿತು. 2012ರ ರಾಜ್ಯಸಭಾ ಚುನಾವಣೆಯಲ್ಲಿ ಲಂಚ ಪಡೆದ ಆರೋಪ ಎದುರಿಸಿದ ಜಾರ್ಖಂಡ್ ಶಾಸಕಿ ಸೀತಾ ಸೊರೇನ್ 1998ರ ತೀರ್ಪನ್ನೇ ಆಶ್ರಯಿಸಿದರು. 2024ರ ಮಾರ್ಚ್ 4ರಂದು ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಸಪ್ತ ಸದಸ್ಯ ಪೀಠ ಹಳೆಯ ತೀರ್ಪನ್ನು ಒಮ್ಮತದಿಂದ ತಳ್ಳಿಹಾಕಿತು. ಲಂಚ ಪಡೆಯುವುದು ಶಾಸನಸಭೆಯ ಕೆಲಸದ ಭಾಗವಲ್ಲವಾದ್ದರಿಂದ ಅದಕ್ಕೆ ಸದನದ ಹಕ್ಕಿನ ನೆರಳಿಲ್ಲ ಎಂಬುದು ಅದರ ತಿರುಳು.

ಸದನದ ಮಾತು ಮತ್ತು ಮತಕ್ಕಿರುವ ರಕ್ಷಣೆ ಇಂದಿಗೂ ಅಬಾಧಿತ. ಅದು ಎಲಿಯಟ್‌ನಂಥವರಿಗಾಗಿ ಕಟ್ಟಿದ ಬೇಲಿ. ವ್ಯಾಪಾರ ಕುದುರಿಸುವವರಿಗೆ ಮರೆಯಲ್ಲ.