‘ಬಿಟರ್’ ಎಂಬ ಆಂಗ್ಲ ಪಾನೀಯದ ಲಕ್ಷಣವಿಚಾರ

ಇಂಗ್ಲೆಂಡಿನ ಪಾನಶಾಲೆಗಳಲ್ಲಿ ‘ಬಿಟರ್’ ಎಂಬ ಹೆಸರಿನಿಂದ ಮಾರಲ್ಪಡುವ ಒಂದು ಬಗೆಯ ಬಾರ್ಲಿಯ ಮದ್ಯವುಂಟು. ಶಬ್ದಾರ್ಥವನ್ನಷ್ಟೇ ನೋಡಿದರೆ ‘ಕಹಿಯಾದುದು’ ಎಂದಾಗುವುದು. ಇದನ್ನು ರುಚಿನೋಡಿ ಗುಣದೋಷಗಳನ್ನು ನಿರ್ಣಯಿಸುವುದಕ್ಕಾಗಿ ಈಚಿನ ಐವತ್ತು ವರ್ಷಗಳಲ್ಲಿ ಒಂದು ಶಾಸ್ತ್ರವೇ ಬೆಳೆದಿದೆ. ಪರೀಕ್ಷಕರಿದ್ದಾರೆ, ಅಂಕಪತ್ರಗಳಿವೆ, ಲಕ್ಷಣಗ್ರಂಥಗಳೂ ಇವೆ. ಆ ಗ್ರಂಥಗಳು ಹೇಳುವ ಲಕ್ಷಣವು ಲಕ್ಷ್ಯಕ್ಕೆ ಎಷ್ಟರಮಟ್ಟಿಗೆ ಹೊಂದುವುದು, ಹೊಂದದಿರುವ ಕಡೆಯಲ್ಲಿ ದೋಷವು ಪಾನೀಯದ್ದೋ ಲಕ್ಷಣದ್ದೋ ಎಂಬುದೇ ಪ್ರಕೃತ ಲೇಖನದ ವಿಷಯವು. ಇದು ವ್ಯರ್ಥವಾದ ಕಂಠಶೋಷಣೆಯಲ್ಲ. ತನ್ನ ಊರಿನ ಸಂಪ್ರದಾಯದಂತೆ ಬಿಯರನ್ನು ಮಾಡುವ ಸಣ್ಣ ತಯಾರಕನೊಬ್ಬನು ಸ್ಪರ್ಧೆಯಲ್ಲಿ ಗೆಲ್ಲುವುದೂ ಸೋಲುವುದೂ ಈ ಲಕ್ಷಣವನ್ನೇ ಅವಲಂಬಿಸಿದೆ. ಈ ಲೇಖಕನು ಪಾನೀಯವನ್ನು ಸೇವಿಸುವವನಲ್ಲ. ಆದರೆ ರತ್ನಪರೀಕ್ಷೆಯ ಗ್ರಂಥವನ್ನು ವಿಮರ್ಶಿಸುವವನು ರತ್ನಗಳ ಒಡೆಯನಾಗಿರಬೇಕೆಂಬ ನಿಯಮವಿಲ್ಲವಷ್ಟೆ.

ಮೊದಲು ವಸ್ತುವಿನ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬೇಕು. ಬಾರ್ಲಿಯನ್ನು ನೆನೆಯಿಸಿ ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್ ಎನಿಸುವುದು. ಅದನ್ನು ನುಚ್ಚುಮಾಡಿ ಬಿಸಿನೀರಿನಲ್ಲಿ ಇಟ್ಟರೆ ಕಾಳಿನ ಹಿಟ್ಟು ಸಕ್ಕರೆಯಾಗಿ ನೀರಿಗೆ ಇಳಿಯುವುದು. ಈ ಸಿಹಿನೀರನ್ನು ಬಸಿದು, ಹಾಪ್ಸ್ ಎಂಬ ಬಳ್ಳಿಯ ಹೂಗಳನ್ನು ಹಾಕಿ ಕುದಿಸಿ, ಆರಿಸಿ, ಯೀಸ್ಟನ್ನು ಸೇರಿಸಿದರೆ ಹುದುಗು ಬಂದು ಬಿಯರ್ ಆಗುವುದು. (ನಮ್ಮ ಪ್ರಾಚೀನರು ‘ಕಿಣ್ವ’ವೆಂದು ಕರೆದುದು ಸುರೆಯ ಹುದುಗನ್ನೇ, ಈಗಿನ ವಿಜ್ಞಾನಗ್ರಂಥಕಾರರು ಆ ಶಬ್ದವನ್ನು ಎನ್ಜೈಮಿಗೆ ಕೊಟ್ಟುಬಿಟ್ಟಿರುವುದರಿಂದ ಇಲ್ಲಿ ಯೀಸ್ಟ್ ಎಂದೇ ಬರೆಯಬೇಕಾಯಿತು.) ಕಹಿಯು ಹಾಪ್ಸಿನದು. ಇದು ಇಂಗ್ಲೆಂಡಿಗೆ ಹುಟ್ಟಿನಿಂದ ಬಂದುದಲ್ಲ. ಜರ್ಮನಿಯ ಸನ್ಯಾಸಿನಿಯಾದ ಹಿಲ್ಡೆಗಾರ್ಡಳು ೧೨ನೆಯ ಶತಮಾನದಲ್ಲಿಯೇ ಹಾಪ್ಸು ಪಾನೀಯಗಳನ್ನು ಕೆಡದಂತೆ ಕಾಪಾಡುವುದೆಂದು ಬರೆದಿದ್ದಳು. ಇಂಗ್ಲೆಂಡಿನಲ್ಲಿಯಾದರೋ ಅದು ೧೫ನೆಯ ಶತಮಾನದಲ್ಲಿ ಹಾಲೆಂಡ್, ಫ್ಲಾಂಡರ್ಸ್ ಕಡೆಗಳಿಂದ ಬಂದು ಬಳಕೆಗೆ ಸಿಕ್ಕಿತು. ೧೬ನೆಯ ಶತಮಾನದಲ್ಲಿ ಕೆಂಟ್ ಪ್ರಾಂತದಲ್ಲಿ ಬೇಸಾಯಕ್ಕೆ ಬಂದಿತು. ಆಗ ಹಾಪ್ಸಿಲ್ಲದುದು ‘ಏಲ್’, ಹಾಪ್ಸುಳ್ಳದ್ದು ‘ಬಿಯರ್’ ಎಂದು ಭೇದವಿದ್ದಿತು. ಕಾಲಕ್ರಮದಲ್ಲಿ ಏಲಿಗೂ ಹಾಪ್ಸು ಸೇರಿ ಆ ಭೇದವಳಿಯಿತು. ೧೫ನೆಯ ಶತಮಾನದ ಆಂಗ್ಲನಿಗೆ ‘ಹಾಪ್ಸು ಹಾಕಿದ ಏಲ್’ ಎಂದಿದ್ದರೆ ವದತೋವ್ಯಾಘಾತವೆಂದು ತೋರುತ್ತಿದ್ದಿತು.

ಮಾಲ್ಟನ್ನು ಕಟ್ಟಿಗೆಯ ಬೆಂಕಿಯಲ್ಲಿ ಒಣಗಿಸುತ್ತಿದ್ದಾಗ ಅದಕ್ಕೆ ಕಂದುಬಣ್ಣವೂ ಹೊಗೆಯ ವಾಸನೆಯೂ ತಗಲುತ್ತಿದ್ದವು. ೧೭ನೆಯ ಶತಮಾನದಲ್ಲಿ ಕಲ್ಲಿದ್ದಲಿನ ಹೊಗೆಯನ್ನು ಕಳೆದ ಕೋಕ್ ಎಂಬ ಇದ್ದಲು ಬಂದಮೇಲೆ ತಿಳಿಬಣ್ಣದ ಮಾಲ್ಟನ್ನು ಮಾಡುವುದು ಸುಲಭವಾಯಿತು. ಅದರಿಂದಾದುದೇ ‘ಪೇಲ್ ಏಲ್’, ಎಂದರೆ ತಿಳಿಬಣ್ಣದ ಏಲು. ೧೮ನೆಯ ಶತಮಾನದ ಕೊನೆಯಲ್ಲಿ ಲಂಡನ್ನಿನ ಪೂರ್ವಕ್ಕಿರುವ ಬೋ ಎಂಬಲ್ಲಿಯ ಹಾಡ್ಜ್‌ಸನ್ನನ ಬಿಯರು ಕಂಪನಿಯ ಹಡಗುಗಳಲ್ಲಿ ನಮ್ಮ ದೇಶಕ್ಕೆ ಬರುತ್ತಿದ್ದಿತು. ೧೮೨೦ರ ದಶಕದಲ್ಲಿ ಬರ್ಟನ್ ಪಟ್ಟಣದ ಆಲ್‌ಸಪ್, ಬಾಸ್ ಮೊದಲಾದ ತಯಾರಕರು ಆ ವ್ಯಾಪಾರಕ್ಕೆ ಕೈಹಾಕಿದರು. ಬರ್ಟನ್ನಿನ ಬಾವಿಗಳ ನೀರಿನಲ್ಲಿ ಜಿಪ್ಸಮ್ ಹೇರಳವಾಗಿದೆ. ಈ ನೀರಿನಲ್ಲಿ ಹಾಪ್ಸಿನ ಕಹಿಯು ನಾಲಿಗೆಗೆ ಅಂಟಿಕೊಳ್ಳದೆ ಸ್ವಚ್ಛವಾಗಿ, ಒಣಗಿದಂತೆ ತೋರುವುದು. ಈ ಕಾರಣವು ತಿಳಿದಮೇಲೆ ಬೇರೆ ಊರಿನವರೂ ತಮ್ಮ ನೀರಿಗೆ ಜಿಪ್ಸಮ್ಮನ್ನು ಕೂಡಿಸತೊಡಗಿದರು. ಒಂದು ಊರಿನ ಹೆಸರು ನೀರಿನ ಸಂಸ್ಕಾರಕ್ಕೇ ಹೆಸರಾಯಿತು. ಬಾಸರ ಕೆಂಪು ತ್ರಿಕೋಣವು ೧೮೭೬ರಲ್ಲಿ ಬ್ರಿಟನ್ನಿನಲ್ಲಿ ನೋಂದಣಿಯಾದ ಮೊದಲನೆಯ ವ್ಯಾಪಾರಮುದ್ರೆಯು. ೧೮೮೨ರಲ್ಲಿ ಪ್ಯಾರಿಸ್ಸಿನ ಚಿತ್ರಕಾರ ಮಾನೆಯು ಬರೆದ ಪಾನಶಾಲೆಯ ಪ್ರಸಿದ್ಧ ಚಿತ್ರದಲ್ಲಿಯೂ ಆ ತ್ರಿಕೋಣವುಳ್ಳ ಸೀಸೆಗಳು ಕಾಣುತ್ತವೆ.

ಈ ಪೇಲ್ ಏಲೇ ೧೮೪೦ರ ದಶಕದಿಂದೀಚೆಗೆ ಜನರ ಬಾಯಲ್ಲಿ ‘ಬಿಟರ್’ ಆಯಿತು. ತಯಾರಕರ ಲೆಕ್ಕದ ಪುಸ್ತಕಗಳಲ್ಲಿ ಅನೇಕವೇಳೆ ಅದು ‘ಪೇಲ್ ಏಲ್’ ಎಂದೇ ಉಳಿಯಿತು. ಪಾನಶಾಲೆಯಲ್ಲಿ ಲೋಟವನ್ನು ಕೇಳುವವನು ಮಾತ್ರ ‘ಬಿಟರ್’ ಎಂದನು. ಏಕೆಂದರೆ ಅವನ ಎದುರಿಗೆ ಇನ್ನೊಂದು ಪೀಪಾಯಿಯೂ ಇದ್ದಿತು. ಅದರಲ್ಲಿ ‘ಮೈಲ್ಡ್’, ಎಂದರೆ ಮೃದುವಾದುದು, ಕಡಿಮೆ ಹಾಪ್ಸಿನ ಸಿಹಿಯಾದ ಏಲು. ಆದುದರಿಂದ ‘ಬಿಟರ್’ ಎಂಬುದು ಸಾಪೇಕ್ಷಶಬ್ದವು. ನಮ್ಮ ಮನೆಗಳಲ್ಲಿ ಚಿಕ್ಕಪ್ಪನು ಎಪ್ಪತ್ತು ವರ್ಷದವನಾದರೂ ಚಿಕ್ಕಪ್ಪನೇ. ಅಲ್ಲಿಯ ‘ಚಿಕ್ಕ’ ಎಂಬುದು ವಯಸ್ಸಿನ ಪರಿಮಾಣವನ್ನು ಹೇಳುವುದಿಲ್ಲ, ಅಪ್ಪನೊಡನೆ ಇರುವ ಸಂಬಂಧವನ್ನು ಹೇಳುವುದು. ಹಾಗೆಯೇ ‘ಬಿಟರ್’ ಎಂಬುದು ಇಷ್ಟು ಕಹಿಯೆಂದು ಹೇಳದೆ, ಪಕ್ಕದ ಪೀಪಾಯಿಗಿಂತ ಕಹಿಯೆಂದಷ್ಟೇ ಹೇಳಿತು. ೧೯೬೦ರ ದಶಕದವರೆಗೂ ಮೈಲ್ಡಿಗೇ ಗಿರಾಕಿಗಳು ಹೆಚ್ಚು. ಅನಂತರ ಅದು ಕ್ಷೀಣಿಸಿ ಬಹುಮಟ್ಟಿಗೆ ಮರೆಯಾಯಿತು. ಪ್ರತಿಯೋಗಿಯು ಹೋದಮೇಲೆ ಸಾಪೇಕ್ಷಶಬ್ದವು ನಿರಪೇಕ್ಷವೆಂಬಂತೆ ತೋರತೊಡಗಿತು. ಲಕ್ಷಣಕಾರರು ಬಂದುದು ಈ ಸಂಧಿಯಲ್ಲಿ ಎಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು.

ಇನ್ನು ಸತ್ತ್ವದ ವಿಚಾರ. ಇಲ್ಲಿ ತಯಾರಕನಿಗಿಂತ ರಾಜಭಂಡಾರದ ಕೈವಾಡವೇ ಹೆಚ್ಚು. ೧೮೩೦ರಲ್ಲಿ ಬಿಯರಿನ ಮೇಲಣ ಸುಂಕವನ್ನು ತೆಗೆದರು. ಮಾಲ್ಟಿನ ಸುಂಕವೂ ಹಾಪ್ಸಿನ ಸುಂಕವೂ ಉಳಿದವು. ಹಾಪ್ಸಿನದು ೧೮೬೨ರಲ್ಲಿ ಹೋಯಿತು. ೧೮೮೦ರಲ್ಲಿ ಗ್ಲ್ಯಾಡ್‌ಸ್ಟನ್ನನು ಮಾಲ್ಟಿನ ಸುಂಕವನ್ನೂ ಕಳೆದು, ಹುದುಗು ಬರುವುದಕ್ಕೆ ಮೊದಲು ಸಿಹಿನೀರಿಗಿರುವ ಸಾಂದ್ರತೆಯ ಮೇಲೆ ತೆರಿಗೆಯನ್ನು ಹಾಕಿದನು. ನೀರಿನ ಸಾಂದ್ರತೆಯನ್ನು ೧ ಎಂದಿಟ್ಟುಕೊಂಡರೆ ೧.೦೫೭ ಸಾಂದ್ರತೆಯುಳ್ಳ ೩೬ ಗ್ಯಾಲನ್ನಿನ ಪೀಪಾಯಿಯು ಆಗಿನ ಪ್ರಮಾಣವು. ಅಂದಿನಿಂದ ಸಾಂದ್ರತೆಯೆಂದರೆ ದುಡ್ಡು. ೧೯೧೪ರ ನವೆಂಬರಿನಲ್ಲಿ ಯುದ್ಧದ ವೆಚ್ಚಕ್ಕಾಗಿ ಲಾಯ್ಡ್ ಜಾರ್ಜನು ಪೀಪಾಯಿಗೆ ೭ ಶಿಲಿಂಗ್ ೯ ಪೆನ್ನಿಯಿದ್ದ ಸುಂಕವನ್ನು ೨೩ ಶಿಲಿಂಗಿಗೆ ಏರಿಸಿದನು. ೧೯೨೦ರ ಹೊತ್ತಿಗೆ ಅದು ೧೦೦ ಶಿಲಿಂಗ್ ಆಯಿತು. ಸುಂಕದ ಜೊತೆಗೆ ಧಾನ್ಯದ ಅಭಾವವೂ ಸೇರಿತು. ಯುದ್ಧಕ್ಕೆ ಮೊದಲು ಸರಾಸರಿ ೧.೦೫೦ಕ್ಕೆ ಮೇಲಿದ್ದ ಸಾಂದ್ರತೆಯು ಯುದ್ಧವು ಮುಗಿಯುವ ಹೊತ್ತಿಗೆ ೧.೦೩೦ರ ಸಮೀಪಕ್ಕೆ ಇಳಿದುಹೋಗಿ, ಮುಂದೆ ಸ್ವಲ್ಪ ಏರಿದರೂ ಹಿಂದಿನ ಎತ್ತರವನ್ನು ಮತ್ತೆ ಮುಟ್ಟಲೇ ಇಲ್ಲ. ಇಂದು ‘ಆಂಗ್ಲಸಂಪ್ರದಾಯದ ಹಗುರವಾದ ಬಿಟರ್’ ಎಂದು ಕೊಂಡಾಡಲ್ಪಡುವುದು ಬಹುಪಾಲು ಈ ಸುಂಕದ ಸಂತಾನವೇ.

ಈಗ ಲಕ್ಷಣಗ್ರಂಥಕ್ಕೆ ಬರೋಣ. ಅಮೆರಿಕದಲ್ಲಿ ೧೯೮೫ರಲ್ಲಿ ಬಿಯರ್ ಪರೀಕ್ಷಕರಿಗೆ ಪ್ರಮಾಣಪತ್ರವನ್ನು ಕೊಡುವ ಬಿ.ಜೆ.ಸಿ.ಪಿ. ಎಂಬ ಸಂಸ್ಥೆಯು ಹುಟ್ಟಿತು. ಅದರ ಲಕ್ಷಣಗ್ರಂಥದ ೨೦೧೫ರ ಪಾಠದಲ್ಲಿ ಬಿಟರಿಗೆ ಮೂರು ಭೇದಗಳು: ಸಾಧಾರಣ, ಉತ್ತಮ, ಪ್ರಬಲ. ಸಾಧಾರಣಕ್ಕೆ ಸಾಂದ್ರತೆ ೧.೦೩೦ರಿಂದ ೧.೦೩೯, ಮದ್ಯಾಂಶ ನೂರಕ್ಕೆ ೩.೨ರಿಂದ ೩.೮, ಕಹಿಯ ಮಾನ ೨೫ರಿಂದ ೩೫. ಪ್ರಬಲಕ್ಕೆ ಸಾಂದ್ರತೆ ೧.೦೪೮ರಿಂದ ೧.೦೬೦, ಮದ್ಯಾಂಶ ೪.೬ರಿಂದ ೬.೨, ಕಹಿ ೩೦ರಿಂದ ೫೦. ಉತ್ತಮವು ಇವೆರಡರ ನಡುವೆ. ಕಹಿಯ ಮಾನವೆಂದರೆ, ಕುದಿತದಿಂದ ರೂಪಾಂತರ ಹೊಂದಿದ ಹಾಪ್ಸಿನ ಆಮ್ಲವು ಲೀಟರಿಗೆ ಎಷ್ಟು ಮಿಲಿಗ್ರಾಂ ಇದೆಯೆಂಬ ಎಣಿಕೆಯು. ಪರೀಕ್ಷಕನ ಅಂಕಪತ್ರದಲ್ಲಿ ಒಟ್ಟು ೫೦ ಅಂಕಗಳು: ಪರಿಮಳಕ್ಕೆ ೧೨, ನೋಟಕ್ಕೆ ೩, ರುಚಿಗೆ ೨೦, ಬಾಯಿಯ ಸ್ಪರ್ಶಕ್ಕೆ ೫, ಸಮಗ್ರಕ್ಕೆ ೧೦.

ಈ ಕಹಿಯ ಮಾನವು ದ್ರವದಲ್ಲಿರುವ ಅಂಶವೇ ಹೊರತು ನಾಲಿಗೆಯಲ್ಲಿ ಹುಟ್ಟುವ ರಸವಲ್ಲ. ಮಾನವು ೩೦ ಎಂದೇ ಇರುವ ಎರಡು ಬಿಯರುಗಳಲ್ಲಿ ಒಂದರ ಸಾಂದ್ರತೆ ೧.೦೩೬, ಇನ್ನೊಂದರದು ೧.೦೫೫ ಆಗಿದ್ದರೆ, ಮೊದಲನೆಯದರಲ್ಲಿ ಮಾಲ್ಟಿನ ಸಿಹಿಯ ಆಸರೆ ಕಡಿಮೆಯಾದುದರಿಂದ ಅದೇ ಹೆಚ್ಚು ಕಹಿಯೆನಿಸುವುದು. ನೀರಿನ ಜಿಪ್ಸಮ್ಮು ಇದನ್ನು ಮತ್ತೆ ಮಾರ್ಪಡಿಸುವುದು. ಇನ್ನೊಂದು ಸೂಕ್ಷ್ಮವುಂಟು. ಹೊಸ ಪರೀಕ್ಷಕರು ಕಹಿಯನ್ನೂ ಒಗರನ್ನೂ ಬೆರೆಸಿ ಹೇಳುವುದು ಸಾಮಾನ್ಯವಂತೆ. ಮಾಲ್ಟಿನ ಸಿಪ್ಪೆಯನ್ನು ಅತಿಯಾಗಿ ತೊಳೆದರೆ ಬರುವುದು ಒಗರು, ಅಡಕೆಯ ಚೊಗರಿನಂಥದು, ಅದು ದೋಷ. ಹಾಪ್ಸಿನದು ಕಹಿ, ಅದು ಗುಣ. ಷಡ್ರಸಗಳಲ್ಲಿ ತಿಕ್ತವನ್ನೂ ಕಷಾಯವನ್ನೂ ಬೇರೆಯಾಗಿ ಎಣಿಸಿದ ನಮ್ಮ ವೈದ್ಯರಿಗೆ ಈ ತೊಡಕು ಇರುತ್ತಿರಲಿಲ್ಲ. ತಿಕ್ತವು ತಾನು ಹಿತವೆನಿಸದಿದ್ದರೂ ಬಾಯಿಯ ಅರುಚಿಯನ್ನು ಕಳೆಯುವುದೆಂದು ಚರಕನ ಸಂಹಿತೆಯು ಕಂಡುಕೊಂಡುದೂ ಇಲ್ಲಿಗೆ ಒಪ್ಪುವ ಮಾತೇ: ಒಳ್ಳೆಯ ಬಿಟರಿನ ಕಹಿಯು ಮುಂದಿನ ಗುಟುಕಿಗೆ ಬಾಯನ್ನು ಅಣಿಮಾಡುವುದೆಂದೇ ಆಂಗ್ಲರಸಿಕರ ಹೊಗಳಿಕೆ. ದ್ರಾಕ್ಷಾಮದ್ಯದ ಪರೀಕ್ಷಕನು ಉಗುಳುವನು, ಬಿಯರಿನವನು ನುಂಗುವನು. ಕಹಿಯು ನಾಲಿಗೆಯ ಬುಡಕ್ಕೆ ಮಾತ್ರ ತಿಳಿಯುವುದೆಂದು ಇದಕ್ಕೆ ಕಾರಣ ಹೇಳುವುದುಂಟು; ಅದು ೧೯೦೧ರ ಒಂದು ಜರ್ಮನ್ ಪ್ರಬಂಧವನ್ನು ತಪ್ಪಾಗಿ ಗ್ರಹಿಸಿದುದರಿಂದ ಹಬ್ಬಿದ ಭ್ರಾಂತಿ, ನಾಲಿಗೆಯೆಲ್ಲವೂ ಕಹಿಯನ್ನು ಬಲ್ಲುದು. ನುಂಗಿದಮೇಲೆ ಎಷ್ಟುಹೊತ್ತು, ಯಾವ ರೀತಿಯಲ್ಲಿ ಕಹಿಯು ನಿಲ್ಲುವುದೆಂಬುದನ್ನು ನೋಡಬೇಕಾದುದೇ ನಿಜವಾದ ಕಾರಣವು.

ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳನ್ನು ತಾರ್ಕಿಕರು ಹೇಳುವರು. ಅಸಂಭವವು ಇಲ್ಲಿಲ್ಲ, ಹೇಳಿದಂಥ ಬಿಯರುಗಳು ಇದ್ದೇ ಇವೆ. ಅವ್ಯಾಪ್ತಿಯಾದರೋ ಸ್ಪಷ್ಟ. ೧೯ನೆಯ ಶತಮಾನದ ಬರ್ಟನ್ನಿನ ಪೇಲ್ ಏಲು ೧.೦೬೦ಕ್ಕಿಂತ ಸಾಂದ್ರವಾಗಿದ್ದುದರಿಂದ ಪ್ರಬಲ ಬಿಟರಿನ ಎಲ್ಲೆಯನ್ನೂ ಮೀರುವುದು. ಅದನ್ನು ‘ಇಂಡಿಯಾ ಪೇಲ್ ಏಲ್’ ಎಂಬ ಬೇರೊಂದು ಜಾತಿಗೆ ಕಳುಹಿಸಿದ್ದಾರೆ. ಆ ಕಾಲದಲ್ಲಿ ಈ ಹೆಸರುಗಳೆಲ್ಲ ಒಂದರ ಸ್ಥಾನದಲ್ಲಿ ಇನ್ನೊಂದು ಬಳಕೆಯಾಗುತ್ತಿದ್ದವು. ಮೂಲಪುರುಷನಿಗೆ ವಂಶದಲ್ಲಿ ಸ್ಥಳವಿಲ್ಲದಂತಾಯಿತು! ೧೯೭೦ರ ದಶಕದಲ್ಲಿ ಮ್ಯಾಂಚೆಸ್ಟರಿನ ಬಾಡಿಂಗ್ಟನ್ಸ್ ಬಿಟರು ಹುಲ್ಲಿನ ಬಣ್ಣದ್ದಾಗಿಯೂ ತೀಕ್ಷ್ಣವಾದ ಕಹಿಯುಳ್ಳದ್ದಾಗಿಯೂ ಪ್ರಸಿದ್ಧವಾಗಿದ್ದಿತು. ಗ್ರಂಥದ ಬಿಟರಾದರೋ ತಾಮ್ರವರ್ಣದ ಕಡೆಗಿರುವುದು. ಊರೆಲ್ಲ ಬಿಟರೆಂದು ಕುಡಿದುದು ಗ್ರಂಥದಲ್ಲಿ ಬಿಟರಲ್ಲ. ಹೊಂಬಣ್ಣದ ಏಲೆಂದು ಈಚೆಗೆ ಎಣಿಸಿದ ಜಾತಿಯೊಡನೆ ಸಾಂದ್ರತೆಯೂ ಕಹಿಯೂ ಬಹುವಾಗಿ ಹೊಂದುವುದರಿಂದ, ಬಣ್ಣವೊಂದನ್ನು ಬಿಟ್ಟರೆ ಅತಿವ್ಯಾಪ್ತಿಯೂ ತಪ್ಪದು.

ಇನ್ನೂ ವಿಚಿತ್ರವಾದುದು ‘ಇ.ಎಸ್.ಬಿ.’ಯ ಕಥೆ. ಲಂಡನ್ನಿನ ಚಿಜ಼ಿಕ್ಕಿನಲ್ಲಿ ಫುಲ್ಲರ್ ಎಂಬ ತಯಾರಕರು ೧೯೭೧ರಲ್ಲಿ ‘ಎಕ್ಸ್‌ಟ್ರಾ ಸ್ಪೆಷಲ್ ಬಿಟರ್’ ಎಂಬುದನ್ನು ಹೊರಡಿಸಿದರು. ಅದು ೧೯೭೮, ೧೯೮೧, ೧೯೮೫ ಈ ಮೂರು ವರ್ಷಗಳಲ್ಲಿ ಬ್ರಿಟನ್ನಿನ ಶ್ರೇಷ್ಠ ಬಿಯರೆಂಬ ಬಿರುದನ್ನು ಪಡೆಯಿತು. ಅಮೆರಿಕದ ಸಣ್ಣ ತಯಾರಕರು ಅದನ್ನು ಅನುಕರಿಸಿ ತಮ್ಮ ತಮ್ಮ ಬಿಯರುಗಳಿಗೂ ಅದೇ ಹೆಸರನ್ನಿಟ್ಟರು. ಒಂದು ವ್ಯಕ್ತಿಯ ಸಂಜ್ಞೆಯು ಸಮುದ್ರವನ್ನು ದಾಟಿ ಜಾತಿವಾಚಕವಾಯಿತು. ಇಂಗ್ಲೆಂಡಿನಲ್ಲಿ ಇಂದಿಗೂ ಆ ಹೆಸರೆಂದರೆ ಮುಖ್ಯವಾಗಿ ಆ ಒಂದು ಬಿಯರೇ. ದೇವದತ್ತನೊಬ್ಬನನ್ನು ಕಂಡು ಗಟ್ಟಿಮುಟ್ಟಾದವರೆಲ್ಲರೂ ದೇವದತ್ತರೆಂದು ಕೋಶದಲ್ಲಿ ಬರೆದಂತಾಯಿತು ಇದು.

ಹಾಗಾದರೆ ಲಕ್ಷಣವೇ ಬೇಡವೇ ಎಂಬ ಆಕ್ಷೇಪವು ಹುಟ್ಟಬಹುದು. ಹಾಗಲ್ಲ. ಲಕ್ಷಣವಿಲ್ಲದೆ ಪರದೇಶದ ಅಭ್ಯಾಸಿಯು ಎಲ್ಲಿಂದ ತೊಡಗಬೇಕು? ಬಿಟರನ್ನು ಕಣ್ಣಿನಿಂದಲೂ ಕಾಣದಿದ್ದ ಸಾವಿರಾರು ಜನರಿಗೆ ಅದನ್ನು ಮಾಡುವ ದಾರಿಯನ್ನು ತೋರಿಸಿದುದು ಈ ಗ್ರಂಥಗಳೇ. ಆದರೆ ವ್ಯಾಕರಣವು ಪ್ರಯೋಗವನ್ನು ಹಿಂಬಾಲಿಸಬೇಕು. ಶಿಷ್ಟಪ್ರಯೋಗವನ್ನು ಕಂಡಾಗ ಸೂತ್ರವನ್ನು ತಿದ್ದಬೇಕೇ ಹೊರತು ಪ್ರಯೋಗವನ್ನು ಅಪಶಬ್ದವೆನ್ನಬಾರದು.

ಇಂಗ್ಲೆಂಡಿನಲ್ಲಿಯೇ ಇದಕ್ಕೆ ಇನ್ನೊಂದು ಪರೀಕ್ಷಾಕ್ರಮವಿದೆ. ೧೯೬೦ರ ದಶಕದಲ್ಲಿ ದೊಡ್ಡ ಕಾರ್ಖಾನೆಗಳು ಬಿಯರನ್ನು ಸೋಸಿ, ಕಾಯಿಸಿ, ಇಂಗಾಲಾಮ್ಲವನ್ನು ತುಂಬಿ ಮಾರತೊಡಗಿದವು. ಅದಕ್ಕೆ ಪ್ರತಿಭಟನೆಯಾಗಿ ೧೯೭೧ರಲ್ಲಿ ನಾಲ್ವರು ಆಂಗ್ಲರು ಐರ್ಲೆಂಡಿನಲ್ಲಿ ‘ಕ್ಯಾಮ್ರಾ’ ಎಂಬ ಸಂಘವನ್ನು ಹುಟ್ಟುಹಾಕಿದರು. ಯೀಸ್ಟು ಜೀವಂತವಾಗಿದ್ದು ಪೀಪಾಯಿಯಲ್ಲಿಯೇ ಎರಡನೆಯ ಸಲ ಹುದುಗು ಬಂದ ಏಲೇ ನಿಜವಾದ ಏಲೆಂಬುದು ಇವರ ಪಕ್ಷ. ಇಂಥ ಪೀಪಾಯಿಯನ್ನು ತೆರೆದಮೇಲೆ ಗಾಳಿಯು ಒಳಹೊಕ್ಕು ಮೂರು ದಿನಗಳೊಳಗೆ ರುಚಿಯು ಕುಂದತೊಡಗುವುದು, ನೆಲಮಾಳಿಗೆಯ ಶೈತ್ಯವು ೧೧ರಿಂದ ೧೩ ಡಿಗ್ರಿ ಸೆಂಟಿಗ್ರೇಡಿನಲ್ಲಿರಬೇಕು, ಕೊಳವೆಗಳನ್ನು ತೊಳೆಯುತ್ತಿರಬೇಕು. ಎಂದರೆ, ತಯಾರಕನು ಅರ್ಧ ಮಾಡಿದುದನ್ನು ಪಾನಶಾಲೆಯವನು ಪೂರ್ಣಮಾಡುವನು. ಈ ಸಂಘದ ಸದಸ್ಯರು ಪಾನಶಾಲೆಯಲ್ಲಿ ಕೊಡುವ ಅಂಕಗಳು ಸೊನ್ನೆಯಿಂದ ೫ರವರೆಗೆ. ಅಲ್ಲಿ ಕೇಳುವುದು ‘ಇದು ಯಾವ ಜಾತಿಗೆ ಸೇರಿದುದು’ ಎಂದಲ್ಲ. ‘ಈ ಲೋಟದಲ್ಲಿರುವುದು ಈಗ ಯಾವ ಅವಸ್ಥೆಯಲ್ಲಿದೆ’ ಎಂದು. ಹುಳಿಯ ವಾಸನೆ, ಅತಿಯಾದ ಬೆಣ್ಣೆಯ ವಾಸನೆ, ಹಳೆಯ ಹಾಪ್ಸಿನ ಗಿಣ್ಣಿನಂಥ ಕಮಟು, ಇವು ಯಾವ ಜಾತಿಯಲ್ಲಿಯೂ ದೋಷಗಳೇ. ನೊರೆಯ ವಿಷಯದಲ್ಲಿ ಮಾತ್ರ ಜಗಳ ತೀರದು: ಯಾರ್ಕ್‌ಷೈರಿನವನಿಗೆ ಕೆನೆಗಟ್ಟಿದ ನೊರೆಯಿಲ್ಲದ ಲೋಟವು ಸತ್ತ ಬಿಯರು, ಲಂಡನ್ನಿನವನಿಗೆ ಆ ನೊರೆಯೇ ಅಳತೆಯಲ್ಲಿ ಮೋಸ. ನೋಟಕ್ಕೆ ಮೂರೇ ಅಂಕಗಳನ್ನಿಟ್ಟ ಅಮೆರಿಕದವರು ಈ ಒಂದು ವಿಷಯದಲ್ಲಿ ಜಾಣರೆಂದೇ ಹೇಳಬೇಕು.

ಸುಂಕದ ಕೈಯಾದರೋ ಇನ್ನೂ ನಿಂತಿಲ್ಲ. ೧೯೯೩ರಲ್ಲಿ ಸಾಂದ್ರತೆಯನ್ನು ಬಿಟ್ಟು, ಸಿದ್ಧವಾದ ಬಿಯರಿನ ಮದ್ಯಾಂಶದ ಮೇಲೆ ತೆರಿಗೆಯನ್ನು ಎಣಿಸತೊಡಗಿದರು. ೨೦೦೨ರಲ್ಲಿ ಸಣ್ಣ ತಯಾರಕರಿಗೆ ರಿಯಾಯಿತಿ ದೊರೆತು ಅವರ ಸಂಖ್ಯೆಯು ವಿಶೇಷವಾಗಿ ಬೆಳೆಯಿತು. ೨೦೨೩ರ ಆಗಸ್ಟಿನಿಂದ ಮದ್ಯಾಂಶವು ನೂರಕ್ಕೆ ೩.೪ನ್ನು ಮೀರದ ಬಿಯರಿಗೆ ಬೇರೆ ಕಡಿಮೆ ದರವು ಗೊತ್ತಾಗಿದೆ. ಕೆಲವು ತಯಾರಕರು ತಮ್ಮ ಬಿಯರುಗಳನ್ನು ಆಗಲೇ ಆ ಗೆರೆಯೊಳಕ್ಕೆ ಇಳಿಸಿದ್ದಾರೆ. ಗ್ರಂಥದ ಸಾಧಾರಣ ಬಿಟರಿಗೆ ೩.೨ ಎಂಬುದು ಕೆಳಗಿನ ಮಿತಿ. ಮುಂದಿನ ಪಾಠದಲ್ಲಿ ಆ ಅಂಕಿಯು ಎಲ್ಲಿ ನಿಲ್ಲುವುದೆಂಬುದನ್ನು ತಯಾರಕನ ಪಾತ್ರೆಯಷ್ಟೇ ಸುಂಕದ ಕಟ್ಟೆಯೂ ನಿರ್ಣಯಿಸುವುದು.