ನಳಿಕೆ ಕೂತ ಮೇಲೆ: ತುರ್ತು ಇಂಟ್ಯುಬೇಷನ್ನಿನ ಚರಿತ್ರೆ

ಶ್ವಾಸನಾಳಕ್ಕೆ ನಳಿಕೆ ಇಳಿಸುವ ವಿದ್ಯೆಯನ್ನು ಅರಿವಳಿಕೆ ತಜ್ಞರ ಸೊತ್ತೆಂದು ತಿಳಿಯುವುದು ವಾಡಿಕೆ. ಅದು ಬೆಳೆದದ್ದು ಅಲ್ಲಿ ನಿಜ, ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಮೊದಲು ಬೇಡಿದವರು ಉಸಿರು ಕಟ್ಟಿ ಸಾಯುತ್ತಿದ್ದ ಮಕ್ಕಳು. ಗಂಟಲುಮಾರಿಗೆ ಸಿಕ್ಕ ಮಕ್ಕಳ ಧ್ವನಿಪೆಟ್ಟಿಗೆಯೊಳಗೆ ಪುಟ್ಟ ಲೋಹದ ಕೊಳವೆ ಇಡುವ ಪ್ರಯೋಗವನ್ನು ಯೂಜೀನ್ ಬೂಶು 1858ರಲ್ಲಿ ಪ್ಯಾರಿಸ್ಸಿನ ವೈದ್ಯಕೀಯ ಅಕಾಡೆಮಿಯ ಮುಂದಿಟ್ಟರು. ಕುತ್ತಿಗೆ ಸೀಳಿ ಉಸಿರು ಕೊಡುವ ಟ್ರೇಕಿಯಾಟಮಿಯ ಮಹಾಪ್ರತಿಪಾದಕ ಅರ್ಮಾನ್ ಟ್ರೂಸೋ ಅದನ್ನು ಒಪ್ಪಲಿಲ್ಲ. ಅವರ ಮಾತಿಗಿದ್ದ ತೂಕ ಎಷ್ಟೆಂದರೆ ಬೂಶು ಅವರ ಕೊಳವೆ ಅಲ್ಲಿಗೇ ಮೂಲೆ ಸೇರಿತು. ಅದೇ ಯೋಚನೆಗೆ ಮರುಜೀವ ಬಂದದ್ದು 1885ರಲ್ಲಿ, ನ್ಯೂಯಾರ್ಕಿನ ಅನಾಥ ಶಿಶುಗಳ ಆಸ್ಪತ್ರೆಯ ವೈದ್ಯ ಜೋಸೆಫ್ ಓಡ್ವಯರ್ ಅವರ ಕೈಯಲ್ಲಿ.

ಈ ನಡುವೆ ಗ್ಲಾಸ್ಗೋದಲ್ಲಿ ಇನ್ನೊಂದು ಘಟನೆ ನಡೆದಿತ್ತು. 1878ರ ಜುಲೈಯಲ್ಲಿ ಶಸ್ತ್ರವೈದ್ಯ ವಿಲಿಯಂ ಮೆಕೀವನ್, ನಾಲಿಗೆಯ ಬುಡದಲ್ಲಿ ಗಂತಿಯಿದ್ದ ಗಾರೆ ಕೆಲಸದವನೊಬ್ಬನ ಬಾಯೊಳಗೆ ಬೆರಳಿಟ್ಟು, ಕೇವಲ ಸ್ಪರ್ಶದಿಂದ ದಾರಿ ಹುಡುಕಿ ನಳಿಕೆ ಇಳಿಸಿದರು. ಅದರ ಮೂಲಕವೇ ಕ್ಲೋರೋಫಾರ್ಮ್ ಹೋಯಿತು. ನಳಿಕೆ ಇಳಿಸುವಾಗ ರೋಗಿಗೆ ಪೂರ್ಣ ಎಚ್ಚರವಿತ್ತು ಎಂಬುದನ್ನು ಮರೆಯಬಾರದು.

ಮುಂದಿನ ಅರವತ್ತು ವರ್ಷಗಳ ಕಥೆ ಬಹುಪಾಲು ಕಣ್ಣಿನ ಕಥೆ. ಬರ್ಲಿನ್ನಿನ ಆಲ್ಫ್ರೆಡ್ ಕಿರ್ಸ್ಟೈನ್ 1895ರಲ್ಲಿ ಧ್ವನಿತಂತುಗಳನ್ನು ಕನ್ನಡಿಯಿಲ್ಲದೆ ನೇರವಾಗಿ ನೋಡಿದರು. ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರಿಗಾಗಿ ಇಂಗ್ಲೆಂಡಿನ ಸಿಡ್‌ಕಪ್‌ನಲ್ಲಿ ಐವನ್ ಮ್ಯಾಗಿಲ್ ಮತ್ತು ಸ್ಟಾನ್ಲಿ ರೋಬೋಥಮ್ ರಬ್ಬರ್ ನಳಿಕೆಗಳನ್ನು ರೂಢಿಗೆ ತಂದರು. ಆಕ್ಸ್‌ಫರ್ಡಿನ ರಾಬರ್ಟ್ ಮೆಕಿಂಟೋಶ್ 1943ರಲ್ಲಿ ಪ್ರಕಟಿಸಿದ, ಧ್ವನಿತಂತು ಕಾಣಿಸುವ ಲ್ಯಾರಿಂಗೊಸ್ಕೋಪಿನ ಬಾಗಿದ ಬ್ಲೇಡು ಇಂದಿಗೂ ಪ್ರತಿ ಕ್ಯಾಷುಯಾಲ್ಟಿಯ ಟ್ರೇಯಲ್ಲಿದೆ. ಉಪಕರಣಗಳ ಮೇಲೆ ಚರಿತ್ರೆಕಾರರಿಗೆ ಇರುವ ಮೋಹ ಸಹಜವೇ. ಅವುಗಳಿಗೆ ಹೆಸರಿದೆ, ಇಸವಿಯಿದೆ, ವಸ್ತುಸಂಗ್ರಹಾಲಯದಲ್ಲಿ ಜಾಗವಿದೆ. ಆದರೆ ತುರ್ತು ರೋಗಿ ಯಾತರಿಂದ ಸಾಯುತ್ತಾನೆ ಎಂಬ ಪ್ರಶ್ನೆಗೆ ಅವುಗಳಲ್ಲಿ ಉತ್ತರ ಅರ್ಧದಷ್ಟೂ ಸಿಗದು.

ತಿರುವು ಬಂದದ್ದು ಕೋಪನ್‌ಹೇಗನ್‌ನಲ್ಲಿ. 1952ರ ಪೋಲಿಯೊ ಹಾವಳಿಯ ಮೊದಲ ವಾರಗಳಲ್ಲಿ ಬ್ಲೆಗ್ಡಮ್ ಆಸ್ಪತ್ರೆಯಲ್ಲಿ ಉಸಿರಾಟ ಸೋತ 31 ರೋಗಿಗಳ ಪೈಕಿ 27 ಮಂದಿ ತೀರಿಕೊಂಡರು. ಆಗಿನ ಉಸಿರಾಟ ಯಂತ್ರಗಳು ಅವರನ್ನು ಉಳಿಸಲಾಗಲಿಲ್ಲ. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರನ್ನು ಕರೆಸಲಾಯಿತು. ಆಗಸ್ಟ್ 27ರಂದು ಹನ್ನೆರಡು ವರ್ಷದ ಹುಡುಗಿಯೊಬ್ಬಳ ಕುತ್ತಿಗೆಯ ಮೂಲಕ ಬಲೂನು ಸುತ್ತಿದ ನಳಿಕೆ ಹಾಕಿ, ಕೈಯಿಂದ ಚೀಲ ಹಿಸುಕಿ ಅವರು ಉಸಿರು ಕೊಟ್ಟರು. ನಂತರ ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೂತು ತಿಂಗಳುಗಟ್ಟಲೆ ಚೀಲ ಹಿಸುಕಿದರು. ಸಾವಿನ ಪ್ರಮಾಣ 87%ರಿಂದ ಸುಮಾರು 25%ಕ್ಕೆ ಇಳಿಯಿತು. ಆಪರೇಷನ್ ಥಿಯೇಟರಿನ ಗೋಡೆ ದಾಟಿ ಈ ವಿದ್ಯೆ ವಾರ್ಡಿಗೆ ಬಂತು. ತೀವ್ರ ನಿಗಾ ಘಟಕ ಎಂಬ ಕಲ್ಪನೆಯ ಬೇರು ಇಲ್ಲೇ ಇದೆ.

ವಾರ್ಡಿನ ರೋಗಿ ಉಪವಾಸವಿದ್ದು ಬಂದವನಲ್ಲ. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಹೊಕ್ಕರೆ ಏನಾಗುತ್ತದೆಂದು ಕರ್ಟಿಸ್ ಮೆಂಡೆಲ್ಸನ್ 1946ರಲ್ಲಿ ಹೆರಿಗೆಯ ರೋಗಿಗಳಲ್ಲಿ ತೋರಿಸಿದ್ದರು. 1950ರ ದಶಕದ ಆರಂಭದಲ್ಲಿ ಸಕ್ಸಮೆಥೋನಿಯಂ ಬಂತು. ನಮ್ಮ ಆಸ್ಪತ್ರೆಗಳಲ್ಲಿ ಸ್ಕೋಲಿನ್ ಎಂದೇ ಕರೆಯುವ, ಒಂದೇ ನಿಮಿಷದಲ್ಲಿ ಸ್ನಾಯುಗಳನ್ನು ಸಡಿಲಿಸುವ ಔಷಧ. ಕುತ್ತಿಗೆಯ ಕ್ರೈಕಾಯ್ಡ್ ಮೃದ್ವಸ್ಥಿಯನ್ನು ಒತ್ತಿ ಅನ್ನನಾಳ ಮುಚ್ಚಬಹುದೆಂದು ಬ್ರಯನ್ ಸೆಲ್ಲಿಕ್ 1961ರಲ್ಲಿ ಬರೆದರು. ಇವನ್ನೆಲ್ಲ ಒಂದೇ ಓಟದಲ್ಲಿ ಜೋಡಿಸಿದ ಕ್ರಮವನ್ನು 1970ರಲ್ಲಿ ಸ್ಟೆಪ್ಟ್ ಮತ್ತು ಸೇಫರ್ ಪ್ರಕಟಿಸಿದರು. ಸೆಲ್ಲಿಕ್ ಅವರ ಮೂಲ ಲೇಖನ ನಿಂತದ್ದು ಕೇವಲ 26 ರೋಗಿಗಳ ಮೇಲೆ, ಆದರೂ ದಶಕಗಳ ಕಾಲ ಅದು ರೂಢಿಯಾಗಿ ಉಳಿಯಿತು. ಫ್ರಾನ್ಸಿನಲ್ಲಿ 3,472 ಶಸ್ತ್ರಚಿಕಿತ್ಸಾ ರೋಗಿಗಳ ಮೇಲೆ ಪರೀಕ್ಷೆ ನಡೆದು 2018ರಲ್ಲಿ ಪ್ರಕಟವಾದಾಗ, ನಿಜವಾಗಿ ಒತ್ತಿದ ಗುಂಪಿನಲ್ಲಿ 10 ಮಂದಿಗೆ, ಒತ್ತಿದಂತೆ ನಟಿಸಿದ ಗುಂಪಿನಲ್ಲಿ 9 ಮಂದಿಗೆ ಹೊಟ್ಟೆಯ ದ್ರವ ಶ್ವಾಸಕೋಶ ಸೇರಿತ್ತು. ಎರಡೂ ಸಮವೆಂದು ಸಂಖ್ಯಾಶಾಸ್ತ್ರ ಪೂರ್ತಿ ಮುದ್ರೆ ಒತ್ತಲಿಲ್ಲ; ಒತ್ತಿದ್ದರಿಂದ ಲಾಭವಂತೂ ಕಾಣಲಿಲ್ಲ.

ಕರ್ನಾಟಕದ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳ ಅನುಭವ ಇಲ್ಲಿ ಬೇರೊಂದು ಪಾಠ ಸೇರಿಸುತ್ತದೆ. ಪಾಶ್ಚಾತ್ಯ ಪಠ್ಯಪುಸ್ತಕದಲ್ಲಿ ಅಂಚಿನಲ್ಲಿರುವ ಕೀಟನಾಶಕ ಸೇವನೆ, ನಾಗರ ಅಥವಾ ಕಟ್ಟುಹಾವಿನ ಕಡಿತ ಇಲ್ಲಿ ಉಸಿರು ನಿಲ್ಲಲು ಪರಿಚಿತ ಕಾರಣಗಳು. ಆರ್ಗನೊಫಾಸ್ಫೇಟ್ ಕುಡಿದವರ ಬಾಯಿತುಂಬ ನೊರೆ, ಧ್ವನಿತಂತು ಕಾಣದಷ್ಟು ಸ್ರಾವ. ಅದರ ಮೇಲೆ ಸ್ಕೋಲಿನ್ ಕೊಟ್ಟರೆ ಇನ್ನೊಂದು ತೊಡಕು. ಆ ಔಷಧವನ್ನು ರಕ್ತದಲ್ಲಿ ಒಡೆಯುವ ಕಿಣ್ವವನ್ನೇ ಕೀಟನಾಶಕ ಕಟ್ಟಿಹಾಕಿರುವುದರಿಂದ, ನಿಮಿಷಗಳಲ್ಲಿ ಇಳಿಯಬೇಕಾದ ಪರಿಣಾಮ ಗಂಟೆಗಟ್ಟಲೆ ಉಳಿಯಬಹುದು. ಹಾಗೆಯೇ ಬಾಸ್ಟನ್ನಿನಲ್ಲಿದ್ದ ಆಂಧ್ರ ಮೂಲದ ಶೇಷಗಿರಿ ರಾವ್ ಮಲ್ಲಂಪಾಟಿ, ನಳಿಕೆ ಇಳಿಸುವುದು ಕಷ್ಟವಾದೀತೇ ಎಂದು ಮೊದಲೇ ಅಂದಾಜಿಸಲು 1985ರಲ್ಲಿ ರೂಪಿಸಿದ ಪರೀಕ್ಷೆ ಜಗತ್ಪ್ರಸಿದ್ಧ, ಆದರೆ ಅದಕ್ಕೆ ರೋಗಿ ಕೂತು, ಬಾಯಿ ತೆರೆದು, ನಾಲಿಗೆ ಚಾಚಬೇಕು. ಪ್ರಜ್ಞೆಯಿಲ್ಲದೆ ಬಂದವನಿಂದ ಅದು ಆಗುವ ಮಾತಲ್ಲ.

ಫಲಿತಾಂಶಗಳ ನಿಜವಾದ ಲೆಕ್ಕ ಶುರುವಾದದ್ದು ತೀರಾ ಈಚೆಗೆ. ಬ್ರಿಟನ್ನಿನ ಸಾರ್ವಜನಿಕ ಆಸ್ಪತ್ರೆಗಳ ಒಂದು ವರ್ಷದ ಘಟನೆಗಳನ್ನು ಒಟ್ಟುಮಾಡಿ 2011ರಲ್ಲಿ ಹೊರಬಂದ ನಾಲ್ಕನೆಯ ರಾಷ್ಟ್ರೀಯ ಪರಿಶೋಧನೆ ಶ್ವಾಸಮಾರ್ಗದ 184 ಗಂಭೀರ ಅವಘಡಗಳನ್ನು ದಾಖಲಿಸಿತು. ಅರಿವಳಿಕೆಯ ವೇಳೆ ನಡೆದವುಗಳಲ್ಲಿ 14% ಸಾವು ಅಥವಾ ಮಿದುಳಿನ ಹಾನಿಯಲ್ಲಿ ಮುಗಿದರೆ, ತೀವ್ರ ನಿಗಾ ಘಟಕದಲ್ಲಿ ಆ ಪ್ರಮಾಣ 61%. ಅಂಥ 74% ಪ್ರಕರಣಗಳಲ್ಲಿ ಕ್ಯಾಪ್ನೊಗ್ರಾಫ್ ಬಳಸದಿದ್ದದ್ದು ಅಥವಾ ಅದನ್ನು ಸರಿಯಾಗಿ ಓದದಿದ್ದದ್ದು ಪಾಲು ಪಡೆದಿತ್ತು. ಹೊರಬರುವ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅಲೆಯಾಗಿ ತೋರುವ ಸಾಧನ ಅದು. ನಳಿಕೆ ಅನ್ನನಾಳಕ್ಕೆ ಹೋಗಿದ್ದರೆ ಆ ಅಲೆ ಉಳಿಯುವುದಿಲ್ಲ, ಗೆರೆ ಮಲಗುತ್ತದೆ.

2021ರಲ್ಲಿ ಪ್ರಕಟವಾದ ಇನ್‌ಟ್ಯೂಬ್ ಅಧ್ಯಯನ ಚಿತ್ರವನ್ನು ಇನ್ನಷ್ಟು ಬದಲಿಸಿತು. ಇದರ ಪ್ರಮುಖ ಲೇಖಕರಲ್ಲಿ ಮುಂಬೈನ ಶೀಲಾ ಮ್ಯಾತ್ರಾ ಒಬ್ಬರು. 29 ದೇಶಗಳ 2,964 ರೋಗಿಗಳಲ್ಲಿ ಸುಮಾರು 80% ಮಂದಿಗೆ ಮೊದಲ ಯತ್ನದಲ್ಲೇ ನಳಿಕೆ ಕೂತಿತ್ತು. ಆದರೂ 45.2% ಮಂದಿಗೆ ಕನಿಷ್ಠ ಒಂದು ದೊಡ್ಡ ತೊಂದರೆ; ಆಮ್ಲಜನಕದ ತೀವ್ರ ಕುಸಿತ 9.3%, ಹೃದಯಸ್ತಂಭನ 3.1%, ರಕ್ತಸಂಚಾರದ ಏರುಪೇರು 42.6%. ಗಂಟಲಿನಲ್ಲಿದೆ ಎಂದುಕೊಂಡಿದ್ದ ಅಪಾಯದ ಬಹುಪಾಲು ರಕ್ತನಾಳಗಳಲ್ಲಿತ್ತು.

ಅಂದಿನಿಂದ ಪ್ರಯೋಗಗಳು ಒಂದರ ಹಿಂದೊಂದು ಬಂದಿವೆ. ಅಮೆರಿಕದ 2023ರ ಅಧ್ಯಯನದಲ್ಲಿ ಮೊದಲ ಯತ್ನದ ಯಶಸ್ಸು ವಿಡಿಯೊ ಲ್ಯಾರಿಂಗೊಸ್ಕೋಪಿನಿಂದ 85.1%, ಹಳೆಯ ವಿಧಾನದಿಂದ 70.8%. 2024ರಲ್ಲಿ, ಮಾಮೂಲಿ ಮಾಸ್ಕಿನ ಬದಲು ಒತ್ತಡದ ಮಾಸ್ಕಿನಿಂದ ಮುಂಚಿತವಾಗಿ ಆಮ್ಲಜನಕ ಕೊಟ್ಟಾಗ ಸ್ಯಾಚುರೇಷನ್ ಕುಸಿತ 18.5%ರಿಂದ 9.1%ಕ್ಕೆ ಇಳಿಯಿತು. ರಕ್ತದೊತ್ತಡದ ವಿಷಯದಲ್ಲಿ ಮಾತ್ರ ಅಂಥ ಗೆಲುವಿಲ್ಲ: 2022ರ ಪ್ರಯೋಗದಲ್ಲಿ ಮೊದಲೇ ಸಲೈನ್ ಏರಿಸಿದ್ದು ಕುಸಿತವನ್ನು ತಡೆಯಲಿಲ್ಲ.

ಅಖಿಲ ಭಾರತ ಡಿಫಿಕಲ್ಟ್ ಏರ್‌ವೇ ಅಸೋಸಿಯೇಷನ್ 2016ರಲ್ಲೇ ತೀವ್ರ ನಿಗಾ ಘಟಕಗಳಿಗೆ ಪ್ರತ್ಯೇಕ ಮಾರ್ಗಸೂಚಿ ಕೊಟ್ಟಿದೆ. ಉಪಕರಣಕ್ಕೆ ಹಣ ಮಂಜೂರು ಮಾಡುವವರು ವಿಡಿಯೊ ಪರದೆಗೆ ಮಾರುಹೋಗುವ ಮುನ್ನ, ತುರ್ತು ಚಿಕಿತ್ಸಾ ಕೊಠಡಿಯಲ್ಲಿ ಕ್ಯಾಪ್ನೊಗ್ರಾಫ್ ಇದೆಯೇ, ಅದನ್ನು ಓದಬಲ್ಲ ಸಿಬ್ಬಂದಿ ರಾತ್ರಿ ಪಾಳಿಯಲ್ಲಿ ಇದ್ದಾರೆಯೇ ಎಂದು ವಿಚಾರಿಸಲಿ.